ಅಪ್ಪ ಹೆರೆದ ಮೂರು ಕೋಡು

ದಾಂಡೇಲಿಯಿಂದ ಕುಳಗಿ ಕಡೆ ಹೋಗೂ ದಾರ್ಯಾಗ ಒಂದು ತೋಟ ಐತಿ. ತೋಟ ಅಂದ್ರ ಗಿಡ ಮರದ್ದಲ್ಲ, ಸಿಮೆಂಟಿನ ಪ್ರಾಣಿಗಳದು. ಸತ್ತು ಕೋಟಿಗಟ್ಟಲೆ ವರ್ಷ ಆದ ಡೈನೋಸಾರುಗಳನ್ನ ಅಲ್ಲಿ ಸಾಲಾಗಿ ನಿಲ್ಲಿಸ್ಯಾರ. ಗೋವಾದ ಮಂದಿ ಅನಮೋಡ ದಾಟಿ ಬರ್ತಾರ, ಹುಬ್ಬಳ್ಳಿ ಮಂದಿ ಬರ್ತಾರ, ಹೊಳ್ಯಾಗ ಬೋಟು ಹತ್ತಿ ತೊಯ್ಸಿಕೊಂಡು ಬಂದು ಹಸಿ ಬಟ್ಟಿ ಮ್ಯಾಲನ ಫೋಟೋ ಹೊಡಸ್ಕೋತಾರ. ಅಲ್ಲಿ ಇರೂವುದರಾಗೆಲ್ಲ ಚಂದಾಗಿರೂದು ಮೂರು ಕೋಡಿಂದು. ಅದರ ಕೋಡು ಮಾಡಿದಾಂವ ನಮ್ಮಪ್ಪ. ಅದರ ಮುಂದಿನ ಬೋರ್ಡು ಬರದಾಕಿ ನಾನು. ಆ ದಾರೀಲೆ ಬಸ್ಸಿನ್ಯಾಗ ಹೋಗೂ ಪ್ರಸಂಗ ಬಂದ್ರ ಈಗ ನಾ ಆಚೀ ಕಡೆ ಮಾರಿ ಮಾಡಿ ಕೂಡ್ತೇನಿ.

ನಾ ಹಳಿಯಾಳ ತಾಲೂಕಿನ ಒಂದು ಹಳ್ಳಿಯ ಕನ್ನಡ ಸಾಲ್ಯಾಗ ವಿಜ್ಞಾನ ಕಲಸಾಕಿ. ಓದಿದ್ದು ದಾಂಡೇಲಿಯ ಬಂಗೂರನಗರದ ಕಾಲೇಜಿನ್ಯಾಗ. ದಿನಾ ಬಸ್ಸಿನ್ಯಾಗ ಜೋತಾಡ್ಕೋತ ಹೋಗಿ, ಕಾಗದದ ಗಿರಣಿ ವಾಸನಿ ಅರಿವಿಗೆ ಹತ್ತಿಸ್ಕೊಂಡು ಬರ್ತಿದ್ದೆ. ಲಗ್ನ ಆಗಲಿಲ್ಲ. ನೋಡಾಕ ಬಂದವರ ಮುಂದ ತಲಿ ತಗ್ಗಿಸಿ ಕೂಡೂದು ನನ್ನ ಕೈಲೆ ಆಗಲಿಲ್ಲ, ಎದುರು ಮಾತಾಡೂ ಹುಡುಗಿ ಅವರಿಗೂ ಬ್ಯಾಡಾತು, ಹೋಗ್ಲಿ ಬಿಡು ಅಂದೆ. ಸಿಟ್ಟು ನನಗ ಮೂಗಿನ ತುದೀಗ, ಇದು ಸಾಲ್ಯಾಗ ಎಲ್ಲಾರಿಗೂ ಗೊತ್ತೈತಿ. ಅವ್ವ ತೀರಿಕೊಂಡ ಮ್ಯಾಲ ಮನ್ಯಾಗ ಉಳದಾವರು ನಾನು, ಅಪ್ಪ, ಇಬ್ಬರ.

ಅಪ್ಪನ ಕಸಬು ಎತ್ತಿನ ಕೋಡು ಹೆರಿಯೂದು. ಈಗಿನವರಿಗೆ ಇದನ್ನ ಬಿಡಿಸಿ ಹೇಳಬೇಕು. ಎತ್ತಿನ ಕೋಡು ತಾನಾಗಿ ಬೆಳದ್ರ ಮ್ಯಾಲೆಲ್ಲ ಸಿಬರು, ಗಂಟು. ಒಂದು ಅತ್ತಾಗ ನೋಡ್ತೈತಿ, ಇನ್ನೊಂದು ಇತ್ತಾಗ. ಎತ್ತನ್ನ ಕೆಡವಿ, ಕಾಲು ಕಟ್ಟಿ, ಉಳಿಯಿಂದ ಸಿಬರು ತಗದು, ಕಾನಸಿಲೆ ತಿಕ್ಕಿ, ಒಡದ ಗಾಜಿನ ಚೂರಿಲೆ ನುಣ್ಣಗ ಹೆರದು, ಕಡೀಕ ಎಣ್ಣಿ ಹಚ್ಚಿ ಅರಿವಿಲೆ ಉಜ್ಜಬೇಕು. ಕೋಡಿನ ಒಳಗ ಎಲುಬು ಇರ್ತೈತಿ, ಎಲುಬಿನ ಸುತ್ತ ರಕ್ತ ಹರೀತೈತಿ. ಮ್ಯಾಲಿನ ಪದರು ನಮ್ಮ ಉಗುರು ಇದ್ದಂಗ, ಅದನ್ನ ಹೆರದ್ರ ನೋವಿಲ್ಲ. ಒಂದು ಎಳಿ ಜಾಸ್ತಿ ಹೋತಂದ್ರ ರಕ್ತ ಚಿಮ್ಮತೈತಿ. ಎಲ್ಲಿ ನಿಲ್ಲಬೇಕು ಅನ್ನೂದು ಅಪ್ಪನ ಬೆರಳಿಗೆ ಗೊತ್ತಿತ್ತು. ಎತ್ತು ಸಿಂಗರಿಸೂ ಕಾರ ಹುಣ್ಣಿವಿ ಹದಿನೈದು ದಿನ ಐತಿ ಅನ್ನೂದರಾಗ ಹಳಿಯಾಳದಿಂದ ಮುಂಡಗೋಡದ ತನಕ ಅಪ್ಪಗ ಕರೆ ಬರ್ತಿತ್ತು. ಹೆಗಲಿಗೆ ಗೋಣಿಚೀಲ ಹಾಕ್ಕೊಂಡು ಹೋದಾಂವ ಹಬ್ಬದ ಹಿಂದಿನ ದಿನನ ಮನಿ ಕಾಣಾಂವ.

ಎಷ್ಟ ಚಂದ ಹೆರದರೂ ಅಪ್ಪ ಕೋಡಿನ ತುದಿ ಮಾತ್ರ ಚೂಪ ಬಿಡತಿದ್ದಿಲ್ಲ. ಗುಂಡಗ ಮಾಡಿ, ಮ್ಯಾಲ ಹಿತ್ತಾಳಿ ಕೋಡಣಸು ತೊಡಿಸಿ ಕಳಸಾಂವ. ಅದಕ್ಕೊಂದು ಕಾರಣ ಇತ್ತು. ಅಪ್ಪ ವಯಸ್ಸಿನ್ಯಾಗಿದ್ದಾಗ ಮುಂಡಗೋಡ ಕಡೀ ಒಬ್ಬ ಶೋಕಿ ಗೌಡ ತನ್ನ ಎತ್ತಿನ ಕೋಡು ಸೂಜಿಯಂಗ ಆಗಬೇಕು ಅಂತ ಹಟ ಹಿಡದ. ಅಪ್ಪಗೂ ತನ್ನ ಕೈಚಳಕ ತೋರಸೂ ಹುಮ್ಮಸ್ಸು. ಮಾಡಿ ಕೊಟ್ಟ. ವಾರದಾಗ ಆ ಎತ್ತು ನೊಗದಾಗ ನೊಣ ಹೊಡಿಯಾಕಂತ ತಲಿ ಝಾಡಿಸ್ತು, ಜೋಡೀ ಎತ್ತಿನ ಕಣ್ಣು ಹೋತು. ಎರಡೂ ಒಂದ ತಾಯಿ ಹೊಟ್ಟೀಲೆ ಹುಟ್ಟಿದ ಎತ್ತಂತ. ಅಪ್ಪ ಹೋಗಿ ಆ ಕುರುಡಗಣ್ಣು ನೋಡಿ ಬಂದ, ಎರಡು ದಿನ ಉಣ್ಣಲಿಲ್ಲ, ಆಮ್ಯಾಲ ಊರ ಬಸವಣ್ಣನ ಗುಡ್ಯಾಗ ನಿಂತು ನನ್ನ ಕೈಲೆ ಇನ್ನ ಚೂಪ ಕೋಡು ಆಗೂದಿಲ್ಲ ಅಂತ ಆಣಿ ಮಾಡಿದ. ಇದನ್ನ ನಾ ಸಣ್ಣಾಕಿದ್ದಾಗಿಂದ ಎಷ್ಟು ಸಲ ಕೇಳೇನಿ ಅಂದ್ರ, ಅಪ್ಪ ಸುರು ಮಾಡೂದರಾಗ ನಾ ಮುಗಸ್ತಿದ್ದೆ.

ಆಮ್ಯಾಲ ಕಬ್ಬಿನ ಹೊಲಕ್ಕೆಲ್ಲ ಟ್ರ್ಯಾಕ್ಟರ್ ಬಂದುವು. ಟ್ರ್ಯಾಕ್ಟರಿಗೆ ಕೋಡಿಲ್ಲ. ಒಂದೊಂದ ಊರಾಗ ಎತ್ತು ಕಮ್ಮಿ ಆಗ್ಕೋತ ಬಂದು, ಕಡೀಕ ಅಪ್ಪಗ ಖಾಯಂ ಅಂತ ಉಳದದ್ದು ಒಂದ ಜೋಡಿ. ಅದು ಬಾಜೂ ಊರಿನ ಒಬ್ಬ ಮುದುಕರದು. ಲಿಂಗಾಯತರು, ಹೊಲದವರು, ಹಣಿ ತುಂಬ ವಿಭೂತಿ ಹಚ್ಚಾವರು, ಅಪ್ಪನ ವಾರಗಿಯವರು. ಮಗ ಟ್ರ್ಯಾಕ್ಟರ್ ತಂದ್ರೂ ಅವರು ಎತ್ತು ಬಿಡಲಿಲ್ಲ. ವರ್ಷಾ ಕಾರ ಹುಣ್ಣಿವಿಗೆ ಆ ಎರಡು ಎತ್ತು ನಮ್ಮ ಅಂಗಳಕ್ಕ ಬರ್ತಿದ್ದುವು. ಅಪ್ಪ ಅವತ್ತು ಮುಂಜಾನೆ ಎದ್ದು ಜಳಕ ಮಾಡಿ, ಲಗ್ನಕ್ಕ ಹೊಂಟವರಂಗ ಕೂಡಾಂವ.

ಸಿಮೆಂಟಿನ ತೋಟದ ಮಾಲಕ ಹೊರಗಿನಾಂವ. ಬೋರ್ಡಿನ ಮ್ಯಾಲ ಕನ್ನಡನೂ ಇರಬೇಕು ಅಂತ ಯಾರೋ ಹೇಳಿದ್ದರಂತ, ಬರದು ಕೊಡಾವರನ್ನ ಹುಡಿಕ್ಕೋತ ನಮ್ಮ ಸಾಲೀಗೆ ಬಂದ. ಬಾಳ ನಯ ಮಾತು. ಬರದಾವರ ಹೆಸರು ಬೋರ್ಡಿನ ಕೆಳಗ ಹಾಕಸ್ತೇನಿ ಅಕ್ಕೋರ ಅಂದ. ಸಾಲ್ಯಾಗ ಕಲಸಾಕೀಗೆ ನಮ್ಮ ಕಡೆ ಅಕ್ಕೋರ ಅಂತಾರ. ಅಷ್ಟ ಸಾಕಾತು ನನಗ. ಇಷ್ಟು ವರ್ಷ ಕಲಿಸಿ ಕಲಿಸಿ ನನ್ನ ಹೆಸರು ಹಾಜರಿ ಪುಸ್ತಕ ಬಿಟ್ಟು ಎಲ್ಲೂ ಬಂದದ್ದಲ್ಲ. ಸುಳ್ಳ್ಯಾಕ ಹೇಳಲಿ, ಹೆಸರಿನ ಆಸೆ ನನಗ ಬಾಳ ಇತ್ತು. ಪುಸ್ತಕ ತರಿಸಿದೆ, ಫೋನಿನ್ಯಾಗ ಹುಡುಕಿದೆ, ಸಾಲಿ ಬಿಟ್ಟ ಮ್ಯಾಲ ಅದ ಕೆಲಸ. ಒಂದೊಂದ ವಾಕ್ಯಾನೂ ತೂಗಿ ತೂಗಿ ಬರದೆ. ಗೊತ್ತಿದ್ದದ್ದನ್ನ ಗೊತ್ತೈತಿ ಅಂದೆ, ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂದೆ.

ಬರದದ್ದನ್ನ ಕೊಡಾಕ ಹೋದಾಗ ತೋಟ ನೋಡಿದೆ. ಮೂರು ಕೋಡಿನ ಪ್ರಾಣಿ ಮೈಯೆಲ್ಲ ಮುಗದು ನಿಂತಿತ್ತು, ಆನಿಗಿಂತ ದೊಡ್ಡದು. ಕೋಡು ಮಾತ್ರ ಯಾರೋ ತಿಳೀಲಾರದವರು ಹಚ್ಚಿದ್ದರು. ಇವು ಕೋಡೋ ಗಜ್ಜರಿಯೋ ಅಂತ ನಾ ಮಾಲಕನ ಮಾರಿಗೇ ಕೇಳಿದೆ. ನನ್ನ ನಾಲಗಿ ನಿಂದ್ರಂಗಿಲ್ಲಲ್ಲ. ಕೋಡು ಅಂದ್ರ ಏನಂತ ನಮ್ಮಪ್ಪನ್ನ ಕೇಳ್ರಿ, ಇಡೀ ಜನ್ಮ ಕೋಡಿನ್ಯಾಗ ಕಳದಾನ ಅಂದೆ. ಮಾಲಕ ನಕ್ಕ, ಕರಕೊಂಡು ಬರ್ರಿ ನೋಡೂಣು ಅಂದ. ಅಪ್ಪನ್ನ ಅಲ್ಲಿಗೆ ಒಯ್ದಾಕಿ ನಾನ. ಬ್ಯಾರೆ ಯಾರ ಮ್ಯಾಲೂ ಹಾಕೂಹಂಗಿಲ್ಲ.

ಆ ಪ್ರಾಣಿ ಎಂಥಾದ್ದು ಅಂತ ಅಪ್ಪಗ ತಿಳಿಸಿ ಹೇಳೂದರಾಗ ನಮ್ಮ ಮನ್ಯಾಗ ಒಂದು ವಾರ ಹೋತು. ಅಷ್ಟು ಖುಷಿ ಮುಂದ ನಮ್ಮಿಬ್ಬರಿಗೂ ಸಿಗಲಿಲ್ಲ. ಅಪ್ಪ ಕೇಳಿದ ಮೊದಲ ಪ್ರಶ್ನಿ, ಎಷ್ಟು ಹಲ್ಲಿಂದು ಅಂತ. ದನದ ಸಂತ್ಯಾಗ ಎರಡು ಹಲ್ಲು, ನಾಕು ಹಲ್ಲು ಅಂತ ಬಾಯಿ ತಗದು ವಯಸ್ಸು ಹೇಳೂದು ರೂಢಿ. ನೂರಾರು ಹಲ್ಲು ಅದಾವ, ಸಾಲಿಗೆ ಸಾಲು ಒಂದರ ಕೆಳಗೊಂದು ಕೂತಿರ್ತಾವ, ಮ್ಯಾಲಿಂದು ಸವೆದು ಬಿತ್ತಂದ್ರ ಕೆಳಗಿಂದು ಬರ್ತೈತಿ, ಸಾಯೂತನಕ ಹಂಗ ಅಂದೆ. ಅಪ್ಪ ಗಾಬರಿಯಾಗಿ ನನ್ನ ನೋಡಿದ. ಹಂಗಾದ್ರ ಅದರ ವಯಸ್ಸು ಯಾವ ದಲಾಲೀನೂ ಹೇಳಾಕ ಆಗೂದಿಲ್ಲಲ್ಲ, ಮುದಿ ಎತ್ತನ್ನ ಹೋರಿ ಅಂತ ಮಾರತಾರಲ್ಲ ಅಂತ ಅವನ ಚಿಂತಿ.

ವಯಸ್ಸು ಹಲ್ಲಿನ್ಯಾಗಲ್ಲ, ಕೋಡಿನ್ಯಾಗ ತಿಳೀತೈತಿ ಅಂತ ನಾ ಹೇಳಿದೆ. ಮರಿ ಇದ್ದಾಗ ಹುಬ್ಬಿನ ಮ್ಯಾಲಿನ ಎರಡು ಕೋಡು ಬೆರಳುದ್ದ ಮೊಳಿ ಇದ್ದಂಗ ಇರ್ತಾವ, ಬೆಳ್ಕೋತ ಹಿಂದಕ್ಕ ಬಾಗತಾವ, ಪೂರಾ ಬಲಿತ ಮ್ಯಾಲ ಮುಂದಕ್ಕ ತಿರುಗತಾವ. ಇದನ್ನ ಕೇಳಿ ಅಪ್ಪ ಎದ್ದು ನಿಂತ. ಕೋಡು ದಿಕ್ಕು ತಿರಗಸೂದನ್ನ ಕರುವಿಗೆ ಹಗ್ಗ ಕಟ್ಟಿ ಎಳದು ಮಾಡ್ತಾರ, ಇದು ತಾನಾಗಿ ತಿರಗಸ್ತಿತ್ತಲ್ಲ, ಜಾಣ ಪ್ರಾಣಿ ಅಂದ. ಮೂಗಿನ ಮ್ಯಾಲಿನ ಮೂರನೇ ಕೋಡು ಗಿಡ್ಡ, ದಪ್ಪ. ತಲಿ ಹಿಂದ ಮೊರ ಹಿಡದಂಗ ಎಲುಬಿನ ಹಲಗಿ. ಬಾಯಿ ಮುಂದ ಗಿಳಿ ಮೂಗು, ಅದರಿಂದ ಗಟ್ಟಿ ಸೊಪ್ಪು ಕತ್ತರಿಸಿ ತಗೊಳ್ಳೂದು. ಎಲುಬಿನ ಹಲಗೀ ಮ್ಯಾಲ ತಿವಿದ ಗಾಯ ಅದಾವಂತ, ಮಾಯ್ದ ಗಾಯ. ತಮ್ಮ ತಮ್ಮೊಳಗ ಗುದ್ದಾಡಿ ಆದಾವು ಅಂತ ತಿಳದವರು ಹೇಳತಾರ ಅಂದೆ. ಮಾಂಸ ತಿನ್ನೂದಿಲ್ಲೇನು ಅಂತ ಅಪ್ಪ ಎರಡು ಸಲ ಕೇಳಿದ. ಇಲ್ಲಪಾ, ಬರೇ ಸೊಪ್ಪು ಸದೆ ಅಂದೆ. ಹಂಗಾದ್ರ ನಮ್ಮ ಬಳಗದ್ದ ಅಂದು ಒಳಗ ಹೋಗಿ ಗೋಣಿಚೀಲ ತಂದು ಉಳಿ ಹರಿತ ಮಾಡಾಕ ಕೂತ.

ಬ್ಯಾಸಿಗಿ ಸೂಟಿ ಇತ್ತು. ದಿನಾ ಮುಂಜಾನೆ ಬುತ್ತಿ ಕಟಗೊಂಡು ಇಬ್ಬರೂ ಬಸ್ಸಿಗೆ ಹೋಗ್ತಿದ್ದಿವಿ. ಕಟಗಿ ಡಿಪೋದಾಗ ಲಿಲಾವಿಗೆ ಬಿದ್ದ ತೊಲಿಗಳನ್ನ ಮಾಲಕ ತೋರಿಸಿದ. ನೆಟ್ಟಗಿದ್ದಾವನ್ನ ಅಪ್ಪ ಮುಟ್ಟಲಿಲ್ಲ. ನೊಗಕ್ಕ ಕಟಗಿ ಆರಿಸೂವರಂಗ ಸುತ್ತಿ ಸುತ್ತಿ, ಹುಟ್ಟಾ ಬಾಗಿದ ಎರಡು ತುಂಡು ಹುಡಕಿದ. ಬಾಗಿಸಿದ ಕೋಡು ಹತ್ತು ಮಳಿ ತಡೀತೈತಿ, ಬಾಗಿ ಹುಟ್ಟಿದ್ದು ನನಗಿಂತ ಹೆಚ್ಚು ಬಾಳತೈತಿ ಅಂದ. ಆ ಮಾತಿನ್ಯಾಗ ನನಗ ತಿಳೀತು, ಅಪ್ಪ ಇದನ್ನ ಕಡೀ ಕೆಲಸ ಅಂತ ಹಿಡದಾನ ಅಂತ. ಎತ್ತಿನ ಕೋಡು ಎತ್ತಿನ ಜೋಡೀನ ಹೋಗ್ತೈತಿ. ತನ್ನ ಕೈಗುರುತು ಒಂದು ಉಳೀಬೇಕು ಅಂತ ಮುದುಕಗ ಆಸೆ ಹುಟ್ಟಿತ್ತು. ಬಾಯಿಬಿಟ್ಟು ಹೇಳಲಿಲ್ಲ, ಹೇಳೂ ಪೈಕಿ ಅಲ್ಲ.

ಏಣಿ ಹತ್ತಿ ಸಿಮೆಂಟಿನ ತಲೀ ಮ್ಯಾಲ ಕೂತು ಅಪ್ಪ ಕೆಲಸ ಮಾಡಾಂವ. ಉಳಿ ಹಚ್ಚೂಮುಂದ ತಡಿ ಮಗನ, ಅಳ್ಳಾಡಬ್ಯಾಡ, ಆತು ಆತು ಅಂತಿದ್ದ. ಕೆಲಸದವರು ನಗೂದು ನೋಡಿ ನನಗ ಸಿಟ್ಟು ಬರ್ತಿತ್ತು. ಅಪ್ಪಗ ಅದರ ಖಬರಿಲ್ಲ. ಕೋಡಿನ ಬುಡದಾಗ ಗೆರಿ ತಗದ, ವಯಸ್ಸಾದ ಎತ್ತಿಗೆ ಇರ್ತಾವಲ್ಲ, ಉಂಗುರದಂಗ, ಹಂಗ. ಮ್ಯಾಲ ಹೋದಂಗ ನುಣುಪು. ಗಾಜಿನ ಚೂರಿಲೆ ಹೆರದು, ಎಣ್ಣಿ ಕುಡಿಸಿ ಕುಡಿಸಿ, ಕಟಗಿ ಅನ್ನೂದು ಮರತ ಹೋಗಬೇಕು, ಹಂಗ ಮಾಡಿದ. ತುದಿ ಎರಡನ್ನೂ ಗುಂಡಗ ಮಾಡಿದ. ಮೂಗಿಂದೂ ಅಷ್ಟ. ಕೆಳಗ ಇಳದು ದೂರ ನಿಂತು ನೋಡಿ, ಸಾಧು ಕಾಣತೈತಲ್ಲ ಅಂದ.

ಸಾಧು ಕಂಡದ್ದ ತಪ್ಪಾತು. ಮಾಲಕ ಬಂದು ನೋಡಿ, ಕೆಲಸ ಬಾಳ ಚಂದ ಐತಿ ಆದ್ರ ತುದಿ ಏನ್ರಿ ಇದು ಅಂದ. ಮಂದಿ ಇಷ್ಟು ದೂರಿಂದ ಹೆದರಾಕ ಬರ್ತಾರ, ಇದನ್ನ ನೋಡಿದ್ರ ಎತ್ತಿನ ಮೈ ತೊಳಿಯಾಕ ಹೊಳೀಗೆ ಹೊಡಕೊಂಡು ಹೊಂಟಾರೇನೋ ಅನಸ್ತೈತಿ, ಚೂಪ ಮಾಡಸ್ರಿ ಅಂದ. ಅಪ್ಪ ಆಗೂದಿಲ್ಲ ಅಂದ. ಯಾಕ ಅಂದ್ರ ಮುಂಡಗೋಡದ ಎತ್ತಿನ ಕಣ್ಣಿನ ಸುದ್ದಿ ಮೊದಲಿಂದ ಹೇಳಿದ. ಮಾಲಕ ಸಮಾಧಾನದಿಂದ ಕೇಳಿದ, ನಡುವ ಎರಡು ಸಲ ಗಡಿಯಾರ ನೋಡಿದ. ಆಮ್ಯಾಲ ನನ್ನನ್ನ ಬದೀಗೆ ಕರದ. ಪ್ಯಾಟಿಯಿಂದ ಫೈಬರಿನ ಕೆಲಸದವರು ಬರಾವರದಾರ, ಅವರು ಸೂಜಿಯಂಥಾ ಕೋಡು ತಂದು ಕೂಡಸ್ತಾರ, ಅವರ ಕಡೇನ ಅಚ್ಚು ಹಾಕಿದ ಬೋರ್ಡುಗಳೂ ಅದಾವ, ಹಂಗಾದ್ರ ಎಲ್ಲಾ ಅವರಿಗೇ ಒಪ್ಪಸ್ತೇನಿ ಅಂದ. ನಿಮ್ಮ ಮಾತು ಅಂದ್ರ ನಿಮ್ಮಪ್ಪ ಕೇಳತಾರ, ನೀವು ವಿಜ್ಞಾನ ಓದಿದವರು, ತಿಳಿಸಿ ಹೇಳ್ರಿ ಅಂದ.

ಹೆದರಿಸಲಿಲ್ಲ, ಬಯ್ಯಲಿಲ್ಲ. ಇಷ್ಟು ಹೇಳಿ ಹೋದ.

ಅಪ್ಪ ಆ ಪ್ರಾಣೀ ಗದ್ದದ ಕೆಳಗ ನೆರಳಿಗೆ ಕೂತು ರೊಟ್ಟಿ ಬಿಚ್ಚಿದ್ದ. ನಾ ಹೋಗಿ ಎದುರು ಕೂತೆ. ಮಾಲಕ ಏನಂದ ಅಂತ ಕೇಳಲಿಲ್ಲ. ಒಂದು ತುತ್ತು ನುಂಗಿ, ಸೀದಾ ನನ್ನ ಮಾರಿ ನೋಡಿ ಕೇಳಿದ.

"ನೀ ಓದಿದಾಕಿ. ಖರೆ ಹೇಳು. ಅದರ ಕೋಡಿನ ತುದಿ ಚೂಪಿತ್ತೇನು?"

ನಿಜ ಏನಂದ್ರ, ಯಾರಿಗೂ ಗೊತ್ತಿಲ್ಲ. ಕಲ್ಲಾಗಿ ಸಿಕ್ಕದ್ದು ಕೋಡಿನ ಒಳಗಿನ ಎಲುಬು. ಅಪ್ಪ ಇಡೀ ಜನ್ಮ ಹೆರದ ಆ ಹೊರಗಿನ ಪದರು, ಅದು ಉಗುರಿನಂಥಾದ್ದು, ಮಣ್ಣಾಗ ಕೊಳತು ಹೋಗೇತಿ. ಚೂಪ ಇದ್ದಿರಬೇಕು ಅಂತ ತಿಳದವರ ಅಂದಾಜು, ಕಣ್ಣಲೆ ಕಂಡ ಮಾತಲ್ಲ. ಇದನ್ನ ಇದ್ದದ್ದು ಇದ್ದಂಗ ಹೇಳಿದ್ದರ ಅಪ್ಪ ಏನಂತಿದ್ದ ಅನ್ನೂದೂ ನನಗ ಗೊತ್ತಿತ್ತು. ಯಾರೂ ಕಂಡಿಲ್ಲಂದ್ರ ನನ್ನ ಆಣಿನ ಇರಲಿ ಅಂತಿದ್ದ. ನಾವಿಬ್ಬರೂ ಅವತ್ತ ಬುತ್ತಿ ಕಟಗೊಂಡು ಮನೀಗೆ ಬರ್ತಿದ್ದಿವಿ.

"ಚೂಪಿತ್ತು" ಅಂದೆ.

"ನೋಡ್ಯಾರೇನು?"

"ನೋಡ್ಯಾರ. ಕಲ್ಲಿನ್ಯಾಗ ಹಂಗ ಐತಿ."

ಅಪ್ಪ ಬಾಳ ಹೊತ್ತು ರೊಟ್ಟಿ ಮುರಕೋತ ಕೂತ, ಬಾಯಿಗೆ ಹಾಕಲಿಲ್ಲ. ಆಮ್ಯಾಲ ತನಗ ತಾನ ಅಂದಂಗ ಅಂದ: ಖರೆ ಅಂದ್ರ ಖರೆ. ಚೂಪ ಇದ್ದದ್ದನ್ನ ಮೊಂಡ ಮಾಡಿ ನಿಲ್ಲಿಸಿದ್ರ ಸತ್ತ ಪ್ರಾಣೀ ಮ್ಯಾಲ ಸುಳ್ಳು ಹೇಳಿದಂಗಾತು, ಅದು ಎದ್ದು ಬಂದು ಅಲ್ಲ ಅನ್ನೂಹಂಗಿಲ್ಲ. ಬಸವಣ್ಣನ ಕಡೆ ನಾ ಮಾತಾಡ್ಕೋತೇನಿ ಅಂದ. ಏಣಿ ಹತ್ತಿದ. ಕಾನಸು ಕೈಯಾಗ ಹಿಡದು, ಕಣ್ಣು ಮುಚ್ಚಿ, ಎರಡೂ ಗಲ್ಲ ಬಡಕೊಂಡು ತಪ್ಪಾತು ಅಂದ. ನಾ ಕೆಳಗ ನಿಂತು ನೋಡಿದೆ. ಆಣಿ ಮುರೀಬ್ಯಾಡ ಇಳಿ ಕೆಳಗ ಅನ್ನಾಕ ನನಗ ಸಂಜೀತನಕ ಹೊತ್ತಿತ್ತು. ಅನ್ನಲಿಲ್ಲ.

ಅಪ್ಪನ ಕೆಲಸ ಕಿತ್ತ ಹಾಕಬಾರದು ಅಂತ ಒಂದು ಸುಳ್ಳು ಹೇಳಿದೆ ಅಂತ ನಾ ಸಾಲ್ಯಾಗ ಜೊತೀ ಅಕ್ಕೋರೊಬ್ಬರ ಮುಂದ ಹೇಳಿಕೊಂಡೇನಿ. ಅದು ಸುಳ್ಳಿನ ಮ್ಯಾಲ ಇನ್ನೊಂದು ಸುಳ್ಳು. ಬೋರ್ಡಿನ ಮ್ಯಾಲಿನ ನನ್ನ ಹೆಸರು ಹೋಗ್ತೈತಿ ಅಂತ ಹೇಳಿದೆ. ಅಪ್ಪನ ಕೋಡಿನ ಚಿಂತಿ ಅದರ ಹಿಂದಿತ್ತು, ಬಾಳ ಹಿಂದ.

ಇನ್ನೂ ಒಂದು ಐತಿ, ಇದನ್ನ ಯಾರ ಮುಂದೂ ಹೇಳಿಲ್ಲ. ನಾ ಬರದು ಕೊಟ್ಟ ಬೋರ್ಡಿನ್ಯಾಗ ಕೋಡಿನ ತುದಿ ಯಾರೂ ಕಂಡಿಲ್ಲ ಅಂತ ಸ್ಪಷ್ಟ ಇತ್ತು. ಅದು ಅಚ್ಚಿಗೆ ಹೋಗಿದ್ದಿಲ್ಲ. ಆ ಸಾಲು ತಗೀರಿ ಅಂತ ಒಂದು ಫೋನ್ ಮಾಡಿದ್ದರ ಮುಗೀತಿತ್ತು. ಮಾಡಬೇಕು ಅಂತ ಫೋನ್ ಕೈಯಾಗ ಹಿಡದೆ. ಆದ್ರ ತಿಳದವರು ಯಾರಾರ ಬಂದು ಓದಿ, ಈ ಅಕ್ಕೋರಿಗೆ ಇಷ್ಟೂ ಗೊತ್ತಿಲ್ಲಲ್ಲ ಅಂದ್ರ ಏನ್ಮಾಡೂದು? ಬಿಟ್ಟೆ. ಅಪ್ಪಗ ಓದಾಕ ಬರಂಗಿಲ್ಲ, ಒಂದಕ್ಷರ ಬರಂಗಿಲ್ಲ. ಆ ಧೈರ್ಯದ ಮ್ಯಾಲ ಬಿಟ್ಟೆ. ಊರ ಮಕ್ಕಳಿಗೆಲ್ಲ ಅಕ್ಷರ ತಿದ್ದಿಸಿದಾಕಿ ಹೆತ್ತಪ್ಪಗ ತಿದ್ದಿಸಿಲ್ಲ. ದೀಪದ ಬುಡಕ್ಕ ಕತ್ತಲಿ ಅಂತಾರಲ್ಲ, ಆ ಕತ್ತಲೀನ ನನಗ ಅವತ್ತ ಉಪಯೋಗಕ್ಕ ಬಂತು.

ತೋಟ ಸುರು ಆದ ದಿನ ದೊಡ್ಡ ದೊಡ್ಡವರು ಬಂದ್ರು. ಅಪ್ಪನ್ನ ಯಾರೂ ವೇದಿಕೆಗೆ ಕರೀಲಿಲ್ಲ, ನನ್ನನ್ನೂ ಕರೀಲಿಲ್ಲ. ಬೋರ್ಡಿನ ಕೆಳಗ ನನ್ನ ಹೆಸರು ಇತ್ತು, ಇರಿವಿಯಷ್ಟು ಸಣ್ಣ ಅಕ್ಷರದಾಗ. ಆದ್ರೂ ನಾ ಕುಣದಾಡಿದೆ, ನಾಕು ಫೋಟೋ ತಗದೆ. ಅಪ್ಪ ನಿನ್ನ ಹೆಸರು ಎಲ್ಲೈತಿ ಅಂತ ಕೇಳಿದ. ಅವನ ಬೆರಳು ಹಿಡದು ಅದರ ಮ್ಯಾಲ ಇಟ್ಟೆ. ಅಪ್ಪ ಬೆರಳು ಅಲ್ಲೇ ಇಟಗೊಂಡು, ಚಲೋ ಆತು ಅಂದ. ಕೋಡಿನ ಕಡೆ ಮಾತ್ರ ಕತ್ತೆತ್ತಿ ನೋಡಲಿಲ್ಲ.

ಆ ಸಲದ ಕಾರ ಹುಣ್ಣಿವಿಗೆ ಅಪ್ಪ ಮುದುಕರ ಎತ್ತಿನ ಕೋಡು ಎಂದಿನಂಗ ಹೆರದ. ಮಳಿಗಾಲ ಮುಗದು, ಚಳಿಗಾಲ ಮುಗೀತು. ಬ್ಯಾಸಿಗ್ಯಾಗ ಒಂದು ಐತಾರ ಆ ಎತ್ತಿನ ಮುದುಕರು ನಮ್ಮ ಮನೀಗೆ ಬಂದು, ಊರೆಲ್ಲ ನೋಡಿ ಬಂದಾರ, ನಾ ಒಬ್ಬನ ಉಳದೇನಿ, ನಿಮ್ಮ ಕೈಕೆಲಸ ತೋರಸ್ರಿ ಅಂತ ಅಪ್ಪಗ ಗಂಟು ಬಿದ್ದರು. ಅಪ್ಪ ಒಲ್ಲೆ ಅಂದ. ಅವರು ಬಿಡಲಿಲ್ಲ. ಮೂವರೂ ಹೋದಿವಿ. ಮುದುಕರು ಪ್ರಾಣೀ ಸುತ್ತ ಎರಡು ಸುತ್ತು ಹಾಕಿ, ಬುಡದ ಉಂಗುರ ನೋಡಿ, ಇದು ಬಾಯಿಗೂಡಿದ್ದು, ಹಲ್ಲೆಲ್ಲ ಬಂದದ್ದು, ವಯಸ್ಸಾಗೇತಿ ಅಂತ ಸರಿಯಾಗಿ ಹೇಳಿದರು. ಅಪ್ಪ ಎಷ್ಟೋ ತಿಂಗಳ ಮ್ಯಾಲ ನಕ್ಕ. ಆಮ್ಯಾಲ ಮುದುಕರು ತುದಿ ನೋಡಿ, ನೀವು ಚೂಪ ಬಿಡೂದಿಲ್ಲಲ್ಲ, ಇದ್ಯಾಕ ಅಂತ ಕೇಳಿದರು. ಮಗಳು ಓದ್ಯಾಳ, ಕಲ್ಲಿನ್ಯಾಗ ಹಂಗ ಸಿಕ್ಕೈತಂತ ಅಂದ ಅಪ್ಪ. ಬಿಸಲು ಏರಾಕತ್ತೈತಿ, ಚಹಾ ಕುಡಿಯೂಣು ಬರ್ರಿ ಅಂದೆ.

ಮುದುಕರಿಗೆ ಬೋರ್ಡು ಕಂಡಿತು. ಅವರು ಮಠದಾಗ ಪುರಾಣ ಓದಾವರು. ಅಕ್ಷರ ಕಂಡ್ರ ಮನಸಿನ್ಯಾಗ ಓದಿಕೊಳ್ಳೂದು ಅವರಿಗೆ ಗೊತ್ತಿಲ್ಲ, ನಾಕು ಮಂದಿಗೆ ಕೇಳೂಹಂಗ ರಾಗ ಎಳದು ಓದಬೇಕು. ಕನ್ನಡಕ ಏರಿಸಿ, ಬೆರಳು ಇಟ್ಟು ಸುರು ಮಾಡಿದರು. ಗಿಳಿ ಮೂಗು ಬಂತು, ಹಲ್ಲಿನ ಸಾಲು ಬಂತು. ಅಪ್ಪ ಪುರಾಣ ಕೇಳಾವರಂಗ ಕೈ ಕಟ್ಟಿ ನಿಂತು ಗೋಣು ಹಾಕಾಕತ್ತಿದ್ದ. ನಾ ಇನ್ನೊಮ್ಮಿ ಚಹಾ ಅಂದೆ. ಮುದುಕರು ಕೈ ಅಡ್ಡ ಮಾಡಿ ನನ್ನ ಸುಮ್ನಿರಿಸಿದರು. ಬೆರಳು ಆ ಸಾಲಿಗೆ ಇಳೀತು.

"ಈ ಪ್ರಾಣಿಯ ಕೋಡಿನ ಒಳಗಿನ ಎಲುಬು ಮಾತ್ರ ಕಲ್ಲಾಗಿ ಉಳಿದಿದೆ. ಹೊರಗಿನ ಪದರು ಕೊಳೆತು ಹೋಗಿದೆ. ಆದ್ದರಿಂದ ಕೋಡಿನ ತುದಿ ಹೇಗಿತ್ತೆಂದು ಕಂಡವರು ಯಾರೂ ಇಲ್ಲ."

ಅಪ್ಪನ ಗೋಣು ನಿಂತಿತು. ಇನ್ನೊಮ್ಮಿ ಓದ್ರಿ ಅಂದ. ಮುದುಕರು ತಾವು ಓದಿದ್ದು ಬಾಳ ಚಲೋ ಆತು ಅಂತ ತಿಳದು ಇನ್ನೂ ಜೋರಾಗಿ ಓದಿದರು, ಅಷ್ಟ ಅಲ್ಲ, ಕೆಳಗ ನನ್ನ ಹೆಸರೂ ಓದಿ, ಶಾಬ್ಬಾಸ್ ಮಗಳ ಅಂದ್ರು. ಅಪ್ಪ ನನ್ನ ಕಡೆ ತಿರಗಿದ. ಬಯ್ಯತಾನ, ಹೊಡದ್ರೂ ಹೊಡದಾನು ಅಂದುಕೊಂಡೆ. ಹೊಡದಿದ್ದರ ಎಷ್ಟೋ ಬೇಸಿತ್ತು. ಮೆಲ್ಲಕ, ಮುದುಕರಿಗೂ ಕೇಳದಂಗ ಅಂದ.

"ಸತ್ತ ಪ್ರಾಣಿಗೆ ಖರೆ ಬರದಿ. ಬದುಕಿದ್ದ ಅಪ್ಪಗ ಸುಳ್ಳು ಹೇಳಿದಿ."

ಬಸ್ಸಿನ್ಯಾಗ ಅಪ್ಪ ಮುದುಕರ ಬಾಜೂ ಕೂತ, ನಾ ಹಿಂದ ಕೂತೆ.

ಆ ವರ್ಷ ಕಾರ ಹುಣ್ಣಿವಿಗೆ ಮುದುಕರು ಎತ್ತು ಹೊಡಕೊಂಡು ಬಂದ್ರು. ಅಪ್ಪ ಜಳಕ ಮಾಡಿದ್ದಿಲ್ಲ. ಅಂಗಳಕ್ಕ ಬಂದು ಎರಡೂ ಎತ್ತಿನ ಕೊರಳು ತೀಡಿ, ಕೋಡಿನ ಬುಡದಿಂದ ತುದಿ ತನಕ ಕೈ ಆಡಿಸಿ, ನನ್ನ ಕೈ ಈಗ ಸುಳ್ಳಿಗೆ ಆಣಿ ಮುರದ ಕೈ, ಇದನ್ನ ಇವುಗಳ ಮ್ಯಾಲ ಇಡಾಕ ಬರಂಗಿಲ್ಲ ಅಂದ. ಮುದುಕರಿಗೆ ತಿಳೀಲಿಲ್ಲ. ಕೈ ನಡಗತಾವೇನೋ ಅಂದುಕೊಂಡರು. ನಾ ಬಾಗಲದಾಗ ನಿಂತಿದ್ದೆ, ತಪ್ಪು ನಂದು ಅಂತ ಅವರ ಮುಂದ ಹೇಳಬೇಕಿತ್ತು, ಹೇಳಾಕ ಮಾರಿ ಆಗಲಿಲ್ಲ. ಎತ್ತು ಬಂದಂಗ ಹೊಳ್ಳಿ ಹೋದುವು, ಸಿಬರೆದ್ದ ಕೋಡಿಗೇ ಬಣ್ಣ ಹಚ್ಚಿ ಮೆರವಣಿಗಿ ಮಾಡಿದರು. ಅಪ್ಪ ಅವತ್ತು ಮಧ್ಯಾಹ್ನ ಹೋಳಿಗಿ ಉಂಡ, ಮಲಗಿದ. ಊರಾಗ ಡೊಳ್ಳು ಬಡದ್ರೂ ಹೊರಗ ಬರಲಿಲ್ಲ.

ಮಾಲಕನ ಕಡೆ ಹೋಗಿ ತುದಿ ಮೊಂಡ ಮಾಡಿಸ್ರಿ, ಅಪ್ಪನ ಮಾಡತಾನ, ಅರ್ಧ ದಿನದ ಕೆಲಸ ಅಂತ ಕೇಳಿಕೊಂಡೆ. ಎಲ್ಲಾರೂ ಆ ಕೋಡಿನ ತುದಿ ಹಿಡಕೊಂಡ ಫೋಟೋ ತಗೋತಾರ ಅಕ್ಕೋರ, ಅದನ್ನ ಕೆಡಸೂದೇನು ಅಂದ. ಹಂಗಾದ್ರ ಬೋರ್ಡಿನ ಮ್ಯಾಲಿನ ನನ್ನ ಹೆಸರು ಅಳಸ್ರಿ ಅಂದೆ. ಅದಕ್ಕ ನಕ್ಕ, ಇಷ್ಟು ಸಣ್ಣದು ಯಾರು ಓದತಾರ ಅಂದ.

ಕಡೀಕ ಒಂದು ದಿನ ಸಾಲಿಯಿಂದ ಬರೂಮುಂದ ಅಂಗಡ್ಯಾಗ ಒಂದು ಪಾಟಿ, ಒಂದು ಬಳಪ ತಂದೆ. ಅಪ್ಪ ಕಟ್ಟೀ ಮ್ಯಾಲ ಕೂತಿದ್ದ. ಪಾಟಿ ಅವನ ತೊಡೀ ಮ್ಯಾಲ ಇಟ್ಟು, ಬಾಜೂ ಕೂತು, ಕೈ ಹಿಡದು ತಿದ್ದಸ್ತೇನಿ, ಎರಡು ತಿಂಗಳದಾಗ ಓದಾಕ ಬರ್ತೈತಿ, ಇನ್ನ ಯಾರೂ ನಿನಗ ಸುಳ್ಳು ಹೇಳಾಕ ಆಗಬಾರದು ಅಂದೆ. ಅಪ್ಪ ಪಾಟಿ ತಿರಗಿಸಿ ತಿರಗಿಸಿ ನೋಡಿ, ಅಂಚಿನ ಕಟಗಿ ಮ್ಯಾಲ ಹೆಬ್ಬೆರಳು ಆಡಿಸಿ, ನನ್ನ ಕೈಯಾಗ ಹೊಳ್ಳಿ ಕೊಟ್ಟ.

"ಈಗ್ಯಾಕ್ರಿ ಅಕ್ಕೋರ. ಓದೂದು ಓದಿ ಆತಲ್ಲ."

ಸಾಲಿ ಮಕ್ಕಳು, ಊರ ಮಂದಿ, ಆ ಮಾಲಕ, ಎಲ್ಲಾರೂ ನನ್ನ ಅಕ್ಕೋರ ಅಂತಾರ. ಅಪ್ಪ ಅಂದದ್ದು ಅವತ್ತ ಮೊದಲು. ಈಗ ದಿನಾ ಹಂಗ ಅಂತಾನ. ರೊಟ್ಟಿ ನೀಡಾಕ ಹೋದ್ರ ಸಾಕ್ರಿ ಅಂತಾನ, ನೀರು ಕೊಟ್ರ ಇಡ್ರಿ ಅಂತಾನ, ಮತ್ತ ನಾ ಎದ್ದು ಒಳಗ ಹೋಗೂತನಕ ಕೈ ಕಟ್ಟಿ ಕೂತಿರ್ತಾನ.